ನೋಟ್ಸ್‌ನಿಂದ ಮೈಕ್ರೋಸಾಫ್ಟ್ 365ಕ್ಕೆ ಬಂದ ಮೇಲೆ: ಮೇಲ್ ಮತ್ತು ಕಡತಗಳ ದೋಷ ನಿವಾರಣೆ ಕೈಪಿಡಿ

ಬೈಕಂಪಾಡಿಯಲ್ಲಿ ಕಾರ್ಖಾನೆ, ಬಂದರಿನ ಹತ್ತಿರ ಹಳೆಯ ಕಚೇರಿ, ಉಡುಪಿಯಲ್ಲೊಂದು ಶಾಖೆ ಇರುವ ಮೂವತ್ತರಿಂದ ನೂರು ಮಂದಿಯ ಕಂಪನಿಗಳಲ್ಲಿ ಲೋಟಸ್ ನೋಟ್ಸ್ ಎಂಬ ಮೇಲ್ ಮತ್ತು ಡೇಟಾಬೇಸ್ ತಂತ್ರಾಂಶ ಇನ್ನೂ ಉಳಿದಿರುವುದುಂಟು. 1989ರಲ್ಲಿ ಬಂದ ಈ ತಂತ್ರಾಂಶ 1995ರಲ್ಲಿ ಐಬಿಎಂ ಕೈಗೆ, 2019ರಲ್ಲಿ ಎಚ್‌ಸಿಎಲ್ ಕೈಗೆ ಹೋಯಿತು. ಹೊಸ ಆವೃತ್ತಿಗಳು ಈಗಲೂ ಬರುತ್ತಿವೆ. ಆದರೆ ಇಂಥ ಕಚೇರಿಗಳ ಮೂಲೆಯಲ್ಲಿ ಓಡುತ್ತಿರುವುದು ಸಾಮಾನ್ಯವಾಗಿ 8.5 ಅಥವಾ 9ನೇ ಆವೃತ್ತಿಯ ಡಾಮಿನೊ, ಅಂದರೆ ನೋಟ್ಸ್‌ನ ಸರ್ವರ್. ಅದನ್ನು ಬಿಟ್ಟು ಮೈಕ್ರೋಸಾಫ್ಟ್ 365ಕ್ಕೆ ಬಂದವರಿಗೆ ಕಟ್‌ಓವರ್‌ನ (ಮೇಲ್ ಹೊಸ ಕಡೆಗೆ ತಿರುಗುವ ದಿನದ) ಮರುದಿನದಿಂದ ಬರುವ ದೂರುಗಳನ್ನು ಬಿಡಿಸಿಕೊಳ್ಳುವ ಬಗೆ ಇಲ್ಲಿದೆ. ಡಾಮಿನೊ ಬದಲು ಬೇರೆ ಹಳೆಯ ಮೇಲ್ ಸರ್ವರ್ ಇದ್ದರೂ ಅರ್ಧಕ್ಕಿಂತ ಹೆಚ್ಚು ಭಾಗ ಹಾಗೆಯೇ ಅನ್ವಯಿಸುತ್ತದೆ.

ಮೊದಲು ಮಾಡಬಾರದ ಕೆಲಸ ಒಂದಿದೆ. ‘ಮೇಲ್ ಕಾಣುತ್ತಿಲ್ಲ’ ಎಂದೊಡನೆ ಬ್ಯಾಚ್ (ಒಟ್ಟಿಗೆ ಸಾಗಿಸುವ ಮೇಲ್‌ಬಾಕ್ಸ್‌ಗಳ ಗುಂಪು) ಅಳಿಸಿ ಹೊಸದಾಗಿ ಮೈಗ್ರೇಶನ್, ಅಂದರೆ ಸಾಗಣೆ, ಓಡಿಸಬೇಡಿ. ಹೊಸ ಬ್ಯಾಚ್‌ಗೆ ಹಳೆಯ ಬ್ಯಾಚ್‌ನ ಸಿಂಕ್ ನೆನಪು ಇರುವುದಿಲ್ಲ. ಅದೇ ಪತ್ರಗಳು ಎರಡೆರಡು ಸಲ ಬಂದು ಕೂರುತ್ತವೆ, ನಿಜವಾದ ದೋಷ ಆ ರಾಶಿಯಡಿ ಮುಚ್ಚಿಹೋಗುತ್ತದೆ. ಕಾಣದಿರುವ ಪತ್ರ ಹೆಚ್ಚಿನ ಸಲ ಬಂದೇ ಇರುತ್ತದೆ. ಕೆಟ್ಟಿರುವುದು ಅದರ ವಿಳಾಸ, ಅದನ್ನು ತೋರಿಸುವ ಸೆಟ್ಟಿಂಗ್, ಇಲ್ಲವೇ ಅಕ್ಷರ ಓದುವ ಕ್ರಮ. ಮೇಲ್‌ಗೆ ಮರುಓಟ ನಿಜಕ್ಕೂ ಬೇಕಾಗುವ ಸಂದರ್ಭ ಎರಡೇ, ಅವು ಮುಂದೆ ಬರುತ್ತವೆ.

‘ಹಳೆಯ ಮೇಲ್ ಹೋಯಿತು’

ಬಳಕೆದಾರರ ಕಂಪ್ಯೂಟರ್‌ನಲ್ಲಿ ಹುಡುಕುತ್ತಾ ಕೂರಬೇಡಿ. ಬ್ರೌಸರ್‌ನಲ್ಲಿ ಔಟ್‌ಲುಕ್ ವೆಬ್ ತೆರೆದು ಅದೇ ಪತ್ರ ಹುಡುಕಿ. ಅಲ್ಲಿ ಸಿಕ್ಕಿದರೆ ಮೈಗ್ರೇಶನ್ ಸರಿಯಾಗಿದೆ, ತೊಂದರೆ ಕಂಪ್ಯೂಟರ್‌ನದು. ಕ್ಲಾಸಿಕ್ ಔಟ್‌ಲುಕ್ ಕ್ಯಾಶ್ಡ್ ಮೋಡ್‌ನಲ್ಲಿ ಇತ್ತೀಚಿನ ಒಂದಷ್ಟು ಕಾಲದ ಮೇಲ್ ಮಾತ್ರ ಇಳಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ಒಂದು ವರ್ಷದ್ದು. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಸ್ಲೈಡರನ್ನು ‘ಆಲ್’ ಕಡೆಗೆ ಎಳೆದು ಔಟ್‌ಲುಕ್ ಮುಚ್ಚಿ ತೆರೆಯಿರಿ. ಲೆಕ್ಕಪತ್ರ ವಿಭಾಗದ 20–30 ಜಿಬಿ ಮೇಲ್‌ಬಾಕ್ಸ್‌ಗೆ ಮಾತ್ರ ಹೀಗೆ ಮಾಡಬೇಡಿ. 128 ಜಿಬಿ ಎಸ್‌ಎಸ್‌ಡಿ ಇರುವ ಯಂತ್ರ ಮರುದಿನವೇ ತುಂಬಿ ನಿಲ್ಲುತ್ತದೆ. ಅವರಿಗೆ ಹಳೆಯದನ್ನು ವೆಬ್‌ನಲ್ಲಿ ಹುಡುಕುವುದನ್ನು ಕಲಿಸಿದರೆ ಸಾಕು.

ಹೊಸ ಮೇಲ್ ‘ಬರುತ್ತಿಲ್ಲ’ ಎಂದವರ ಪರದೆಯಲ್ಲಿ ಮೊದಲು ‘ಫೋಕಸ್ಡ್’ ಪಕ್ಕದ ‘ಅದರ್’ ಟ್ಯಾಬ್, ಆಮೇಲೆ ಜಂಕ್ ಫೋಲ್ಡರ್ ನೋಡಿ. ನೋಟ್ಸ್‌ನಲ್ಲಿ ಈ ಎರಡು ಟ್ಯಾಬ್‌ಗಳು ಇರಲಿಲ್ಲವಾದ್ದರಿಂದ ಅಲ್ಲಿ ನೋಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ವೆಬ್‌ನಲ್ಲೂ ಸಿಗದಿದ್ದರೆ ಕಾರಣ ನೋಟ್ಸ್‌ನ ಫೋಲ್ಡರ್ ಪದ್ಧತಿಯಲ್ಲಿದೆ. ನೋಟ್ಸ್‌ನಲ್ಲಿ ಫೋಲ್ಡರ್ ಎಂದರೆ ಪತ್ರದತ್ತ ತೋರುವ ಬೆರಳು ಮಾತ್ರ. ಪತ್ರ ಡೇಟಾಬೇಸ್‌ನಲ್ಲಿ ಒಂದೇ. ಹಾಗಾಗಿ ಒಂದೇ ಪತ್ರ ಎರಡು ಫೋಲ್ಡರ್‌ಗಳಲ್ಲಿ ಕಾಣಬಹುದು, ಯಾವ ಫೋಲ್ಡರ್‌ನಲ್ಲೂ ಇಲ್ಲದೆ ‘ಆಲ್ ಡಾಕ್ಯುಮೆಂಟ್ಸ್’ ನೋಟದಲ್ಲಷ್ಟೇ ಬದುಕಿರಲೂಬಹುದು. ಐಮ್ಯಾಪ್ (ಸರ್ವರ್‌ನಿಂದ ಮೇಲನ್ನು ಫೋಲ್ಡರ್‌ವಾರು ಓದುವ ವಿಧಾನ) ಮೂಲಕ ಸಾಗಿಸಿದಾಗ ಮೊದಲನೆಯದು ಎರಡು ಪ್ರತಿಯಾಗುತ್ತದೆ, ಎರಡನೆಯದು ಹಿಂದೆಯೇ ಉಳಿಯುತ್ತದೆ. ಇದಕ್ಕೆ ಮರುಓಟ ಬೇಡ. ನೋಟ್ಸ್ ಕ್ಲೈಂಟ್‌ನಲ್ಲಿ ‘ಆಲ್ ಡಾಕ್ಯುಮೆಂಟ್ಸ್’ ತೆರೆದು, ಯಾವ ಫೋಲ್ಡರ್‌ಗೂ ಸೇರದ ಪತ್ರಗಳನ್ನು ಆರಿಸಿ, ‘ಹಳೆಕಡತ’ ಎಂಬಂಥ ಹೊಸ ಫೋಲ್ಡರ್‌ಗೆ ಸೇರಿಸಿ. ಇರುವ ಬ್ಯಾಚ್‌ನ ಮುಂದಿನ ಸಿಂಕ್ ಆ ಫೋಲ್ಡರನ್ನು ಹೊಸದಾಗಿ ಕಂಡು ಎತ್ತಿಕೊಳ್ಳುತ್ತದೆ.

ಐಮ್ಯಾಪ್ ಬಳಸಿದ್ದರೆ ಅದರ ಮಿತಿಗಳನ್ನೂ ಪರೀಕ್ಷಿಸಿ. 35 ಎಂಬಿಗಿಂತ ದೊಡ್ಡ ಪತ್ರ ದಾಟುವುದಿಲ್ಲ. ಒಂದು ಮೇಲ್‌ಬಾಕ್ಸ್‌ನಿಂದ ಗರಿಷ್ಠ 5 ಲಕ್ಷ ಪತ್ರ, ಅದೂ ಹೊಸತರಿಂದ ಹಳತಿಗೆ. ಆದ್ದರಿಂದ ತೀರಾ ಹಳೆಯವು ಮಾತ್ರ ಇಲ್ಲವೆಂದರೆ ಎಣಿಕೆ ಮಿತಿ ಮುಟ್ಟಿದೆ. ಅಲ್ಲಲ್ಲಿ ಕೆಲವೇ ಪತ್ರ ಇಲ್ಲವೆಂದರೆ ಗಾತ್ರದ ಮಿತಿ. ಸ್ಕ್ಯಾನ್ ಮಾಡಿದ ಶಿಪ್ಪಿಂಗ್ ಬಿಲ್‌ಗಳ ಕಟ್ಟು ಹೊತ್ತ ಪತ್ರಗಳೇ ಈ ಎರಡನೆಯ ಗುಂಪಿಗೆ ಸೇರುವುದು. ಅಂಥವನ್ನು ನೋಟ್ಸ್‌ನಿಂದ ಲಗತ್ತು ಬೇರ್ಪಡಿಸಿ ಕೈಯಿಂದಲೇ ಸಾಗಿಸಬೇಕು. ಐಮ್ಯಾಪ್ ಕ್ಯಾಲೆಂಡರ್, ಸಂಪರ್ಕ ಪಟ್ಟಿ, ಟಾಸ್ಕ್ ಯಾವುದನ್ನೂ ತರುವುದಿಲ್ಲ. ಅದು ದೋಷವಲ್ಲ, ಐಮ್ಯಾಪ್ ಇರುವುದೇ ಹಾಗೆ. ಇನ್ನು ಕೆಲವರ ಮೇಲ್‌ಬಾಕ್ಸ್ ಪೂರ್ತಿ ಖಾಲಿ ಇದ್ದರೆ ಆ ಮೇಲ್ ಫೈಲನ್ನು ಡಾಮಿನೊದಲ್ಲಿ ಐಮ್ಯಾಪ್‌ಗೆ ಸಿದ್ಧಪಡಿಸಿಲ್ಲ ಎಂದು ಸಂಶಯಿಸಿ. ಕನ್ಸೋಲ್‌ನಲ್ಲಿ ‘ಲೋಡ್ ಕನ್ವರ್ಟ್’ ಆಜ್ಞೆಯನ್ನು ಅಡ್ಡಗೆರೆ-ಇ ಆಯ್ಕೆಯೊಡನೆ ಆ ಫೈಲಿನ ಮೇಲೆ ಓಡಿಸಬೇಕಿತ್ತು.

ಕನ್ನಡ ಅಕ್ಷರ ಕೆಟ್ಟಿದ್ದರೆ

ಹೊರಗಿನ ಮೈಗ್ರೇಶನ್ ಕಂಪನಿಗಳ ಪರಿಶೀಲನಾ ಪಟ್ಟಿಯಲ್ಲಿ ಇದು ಇರುವುದೇ ಇಲ್ಲ. ನಮ್ಮಲ್ಲಿ ಕಾರ್ಮಿಕ ಇಲಾಖೆಗೆ, ಪಂಚಾಯತಿಗೆ, ಮೆಸ್ಕಾಂಗೆ ಬರೆದ ಪತ್ರಗಳೆಲ್ಲ ಕನ್ನಡದಲ್ಲಿ ಇರುತ್ತವಾದ್ದರಿಂದ ಮೊದಲ ವಾರದಲ್ಲೇ ದೂರು ಬರುತ್ತದೆ. ‘ಅಕ್ಷರ ಕೆಟ್ಟಿದೆ’ ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ದೋಷಗಳಿವೆ. ಅವುಗಳಲ್ಲಿ ಮೂರಕ್ಕೆ ಮದ್ದು ಇದೆ, ಒಂದಕ್ಕೆ ಮೂಲಕ್ಕೇ ಹೋಗಬೇಕು. ಪರದೆಯನ್ನು ನೋಡಿದೊಡನೆ ಬೇರೆ ಮಾಡಬಹುದು.

ಒಂದು: ಸಾಲು ತುಂಬ ದೊಡ್ಡ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಓರೆಗೆರೆ ಹೊತ್ತ ದೊಡ್ಡ ‘ಎ’, ನಡುನಡುವೆ ಪೌಂಡ್ ಚಿಹ್ನೆ. ಇದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಿಸಿದ್ದು. ‘ಕನ್ನಡ’ ಎಂಬ ಪದವೇ ಅಲ್ಲಿ ದೊಡ್ಡ ‘ಪಿ’ಯಿಂದ ಶುರುವಾಗಿ ಪೌಂಡ್ ಚಿಹ್ನೆ ದಾಟಿ ಹೋಗುತ್ತದೆ. ಆ ಕಾಲದ ಫಾಂಟ್‌ಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಚಿತ್ರಿಸಿ ಇಟ್ಟಿದ್ದವು. ಫಾಂಟ್ ಹೆಸರು ಪತ್ರದ ಜತೆ ಇರುವವರೆಗೆ ಕನ್ನಡ ಕಂಡಿತು. ಸಾಗಿಸುವಾಗ ಪತ್ರ ಸರಳ ಪಠ್ಯವಾಗಿಬಿಟ್ಟರೆ, ಅಥವಾ ಓದುವ ಮೊಬೈಲ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ, ಒಳಗಿನ ಲ್ಯಾಟಿನ್ ಹೊರಗೆ ಬರುತ್ತದೆ. ಮಾಹಿತಿ ಒಂದಕ್ಷರವೂ ಹೋಗಿಲ್ಲ. ಪಠ್ಯವನ್ನು ವರ್ಡ್‌ಗೆ ಅಂಟಿಸಿ ನುಡಿ ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ, ಇದೇ ಪರೀಕ್ಷೆ. ಶಾಶ್ವತ ಪರಿಹಾರಕ್ಕೆ ಆಸ್ಕಿಯಿಂದ, ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ.

ಪರಿವರ್ತನೆಯಲ್ಲಿ ಎರಡು ಎಚ್ಚರ. ಕಡತದಲ್ಲಿ ನಡುನಡುವೆ ನಿಜವಾದ ಇಂಗ್ಲಿಷ್ ಇದ್ದರೆ, ಉದಾಹರಣೆಗೆ ಕಂಪನಿಯ ಹೆಸರು ಅಥವಾ ಜಿಎಸ್‌ಟಿ ಸಂಖ್ಯೆ, ಸರಳ ಪಠ್ಯವಾಗಿ ಕೊಟ್ಟಾಗ ಅದೂ ಕನ್ನಡವಾಗಿ ಹಾಳಾಗುತ್ತದೆ. ಆದ್ದರಿಂದ ಫಾಂಟ್ ಗುರುತು ಉಳಿದಿರುವ ಮೂಲ ವರ್ಡ್ ಕಡತವನ್ನೇ ಪರಿವರ್ತಕಕ್ಕೆ ಕೊಡಿ. ಎರಡನೆಯದು ಅರ್ಕಾವೊತ್ತು ಮತ್ತು ಒತ್ತಕ್ಷರ. ‘ಕಾರ್ಯದರ್ಶಿ’, ‘ವರ್ಷ’, ‘ಪ್ರಾಧಿಕಾರ’, ‘ರಾಷ್ಟ್ರೀಯ’ ಈ ನಾಲ್ಕು ಪದ ಇರುವ ಒಂದು ಪುಟ ಮೊದಲು ಬದಲಿಸಿ ನೋಡಿ. ಆಸ್ಕಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ’ ಮೊದಲು ಬರಬೇಕು. ಕಳಪೆ ಪರಿವರ್ತಕ ಎಡವುವುದು ಇಲ್ಲೇ. ಶ್ರೀಲಿಪಿಯಂಥ ಬೇರೆ ತಂತ್ರಾಂಶದ ಸಂಕೇತ ಬೇರೆಯಾದ್ದರಿಂದ ನುಡಿ ಪರಿವರ್ತಕಕ್ಕೆ ಅದನ್ನು ಕೊಟ್ಟರೆ ಕಸವೇ ಬರುವುದು. ಹತ್ತು ವರ್ಷದ ಎಲ್ಲ ಪತ್ರಗಳನ್ನೂ ಬದಲಿಸುವ ಹಟ ಬೇಡ. ಈಗಲೂ ಬಳಸುವ ನಮೂನೆ, ಒಪ್ಪಂದ, ಸುತ್ತೋಲೆ ಇಷ್ಟನ್ನು ಬದಲಿಸಿ. ಉಳಿದದ್ದನ್ನು ಪಿಡಿಎಫ್ ಮಾಡಿಟ್ಟರೆ ಕಣ್ಣಿಗಂತೂ ಕಾಣುತ್ತದೆ. ಆದರೆ ಆಸ್ಕಿ ಪಠ್ಯ ಹುಡುಕಾಟಕ್ಕೆ ಸಿಗುವುದಿಲ್ಲ ಎಂಬುದನ್ನು ಕಚೇರಿಗೆ ಮೊದಲೇ ಹೇಳಿಬಿಡಿ.

ಎರಡು: ತಲೆಯ ಮೇಲೆ ಓರೆಗೆರೆ ಇರುವ ಸಣ್ಣ ‘ಎ’, ಅದರ ಬೆನ್ನಿಗೇ ಮೇಲೆತ್ತಿದ ಸಣ್ಣ 2 ಅಥವಾ 3, ಇದೇ ಜೋಡಿ ಸಾಲಿನುದ್ದಕ್ಕೂ. ಇದು ಯೂನಿಕೋಡ್ ಕನ್ನಡವೇ, ಓದುವ ಕ್ರಮ ತಪ್ಪಿದೆ. ಕನ್ನಡದ ಪ್ರತಿ ಸಂಕೇತವೂ ಯೂನಿಕೋಡನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್. ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅವನ್ನು ವಿಂಡೋಸ್-1252 ಎಂಬ ಪಾಶ್ಚಾತ್ಯ ಕ್ರಮದಲ್ಲಿ ಓದಿದಾಗ ಈ ಜೋಡಿಗಳು ಮೂಡುತ್ತವೆ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಸರಳ ಪಠ್ಯದ ಪಟ್ಟಿ) ಕಡತವನ್ನು ಎಕ್ಸೆಲ್‌ನಲ್ಲಿ ನೇರ ಎರಡು ಸಲ ಕ್ಲಿಕ್ಕಿಸಿ ತೆರೆದವರಿಗೆ ಇದೇ ಕಾಣುವುದು. ಎಕ್ಸೆಲ್‌ನ ‘ಡೇಟಾ’ ಪಟ್ಟಿಯಿಂದ, ಪಠ್ಯ ಕಡತ ತರುವ ಆಯ್ಕೆಯಲ್ಲಿ 65001 ಸಂಖ್ಯೆಯ ಯುಟಿಎಫ್-8 ಆರಿಸಿ ತೆರೆದರೆ ಸರಿಹೋಗುತ್ತದೆ.

ಮೂರು: ಖಾಲಿ ಚೌಕಗಳು. ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ. ಹಳೆಯ ವಿಂಡೋಸ್‌ನಲ್ಲಿ ಟುಂಗಾ, ಹೊಸದರಲ್ಲಿ ನಿರ್ಮಲಾ ಇದೆಯೇ ನೋಡಿ. ಇಷ್ಟೇ.

ನಾಲ್ಕು: ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇದೊಂದು ಮಾತ್ರ ನಿಜವಾದ ನಷ್ಟ. ದಾರಿಯಲ್ಲಿ ಯಾವುದೋ ಹಂತ ಪತ್ರವನ್ನು ಪಾಶ್ಚಾತ್ಯ ಅಕ್ಷರ ಸಮೂಹಕ್ಕೆ ಬದಲಿಸಿದೆ. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ‘?’ ಬರೆದಿದೆ. ಇದರಿಂದ ಹಿಂದಕ್ಕೆ ದಾರಿಯಿಲ್ಲ, ಯಾವ ಪರಿವರ್ತಕವೂ ಕೆಲಸ ಮಾಡದು. ಮೂಲ ಡಾಮಿನೊದಲ್ಲಿ ಪತ್ರ ಸರಿಯಿದೆಯೇ ನೋಡಿ. ಸರ್ವರ್‌ನ ಕಾನ್ಫಿಗರೇಶನ್ ಡಾಕ್ಯುಮೆಂಟ್‌ನ ಮೈಮ್ ಭಾಗದಲ್ಲಿ ಅಕ್ಷರ ಸಮೂಹವನ್ನು ಯುಟಿಎಫ್-8ಕ್ಕೆ ಬದಲಿಸಿ, ಒಂದೇ ಒಂದು ಪತ್ರವಿರುವ ಪರೀಕ್ಷಾ ಮೇಲ್‌ಬಾಕ್ಸ್ ಸಾಗಿಸಿ, ಕನ್ನಡ ಬಂದರೆ ಆ ಬಳಕೆದಾರರನ್ನು ಮಾತ್ರ ಮತ್ತೆ ಸಾಗಿಸಿ. ಮರುಓಟ ನ್ಯಾಯವಾಗುವ ಮೊದಲ ಸಂದರ್ಭ ಇದು.

ಹೆಸರಿನ ತೊಂದರೆ: ಡಿʼಸೋಜಾ ಮತ್ತು ಮೂವರು ಗಣೇಶ್ ಶೆಟ್ಟಿ

ಮಂಗಳೂರಿನ ಯಾವ ಕಚೇರಿಯ ಪಟ್ಟಿಯಲ್ಲೂ ಡಿʼಸೋಜಾ, ಡಿʼಸಿಲ್ವಾ, ಡಿʼಕುನ್ಹಾ ಇದ್ದೇ ಇರುತ್ತಾರೆ. ಇಂಗ್ಲಿಷ್‌ನಲ್ಲಿ ಬರೆದಾಗ ನಡುವೆ ಬರುವ ಆ ಅಪೊಸ್ಟ್ರಫಿ ಸ್ಕ್ರಿಪ್ಟ್‌ಗಳಿಗೆ ಕಲ್ಲು. ವಿಂಡೋಸ್‌ನ ಆಜ್ಞಾ ಭಾಷೆ ಪವರ್‌ಶೆಲ್‌ನ ಫಿಲ್ಟರ್‌ನಲ್ಲಿ ಹೆಸರು ಒಂಟಿ ಉದ್ಧರಣ ಚಿಹ್ನೆಯೊಳಗೆ ಕೂರುತ್ತದೆ. ಡಿ ಆದಮೇಲೆ ಬರುವ ಚಿಹ್ನೆಯನ್ನು ಅದು ‘ಹೆಸರು ಮುಗಿಯಿತು’ ಎಂದು ತಿಳಿಯುತ್ತದೆ. ಪರಿಣಾಮ: ಎಲ್ಲರೂ ದಾಟಿದರು, ಡಿ-ಹೆಸರಿನವರು ಮಾತ್ರ ‘ಸಿಗಲಿಲ್ಲ’. ಫಿಲ್ಟರ್‌ನಲ್ಲಿ ಆ ಚಿಹ್ನೆಯನ್ನು ಎರಡು ಸಲ ಬರೆದರೆ ಪರಿಹಾರ.

ಇನ್ನೊಂದು ಬಗೆ ಹೆಚ್ಚು ಕಾಡುತ್ತದೆ. ಪಟ್ಟಿಯನ್ನು ವರ್ಡ್‌ನಲ್ಲಿ ತಯಾರಿಸಿ ಎಕ್ಸೆಲ್‌ಗೆ ಅಂಟಿಸಿದ್ದರೆ ನೇರ ಅಪೊಸ್ಟ್ರಫಿ ಡೊಂಕು ಅಪೊಸ್ಟ್ರಫಿಯಾಗಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಲಾಗಿನ್ ಹೆಸರಿನಲ್ಲಿ ನೇರದ್ದು ನಡೆಯುತ್ತದೆ, ಡೊಂಕು ನಡೆಯದು. ಸಿಎಸ್‌ವಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಡೊಂಕನ್ನು ಹುಡುಕಿ ಬದಲಿಸಿ. ಇನ್ನೂ ಒಳ್ಳೆಯದೆಂದರೆ ವಿಳಾಸದಲ್ಲಿ ಅಪೊಸ್ಟ್ರಫಿಯೇ ಬೇಡ. ತೋರುವ ಹೆಸರಿನಲ್ಲಿ ಇರಲಿ, ವಿಳಾಸದಲ್ಲಿ ಕೂಡಿಸಿ ಬರೆಯಿರಿ, ಹಳೆಯ ವಿಳಾಸವನ್ನು ಅಲಿಯಾಸ್ ಆಗಿ ಉಳಿಸಿ. ಎಷ್ಟೋ ಪೋರ್ಟಲ್‌ಗಳ ಫಾರ್ಮ್‌ಗಳು ಅಪೊಸ್ಟ್ರಫಿ ಇರುವ ಇ-ಮೇಲ್ ವಿಳಾಸವನ್ನು ತಿರಸ್ಕರಿಸುತ್ತವೆ.

ಒಂದೇ ಹೆಸರಿನವರದು ಅಪಾಯದ ವಿಷಯ. ನೋಟ್ಸ್‌ನಲ್ಲಿ ಹೆಸರಿನ ಜತೆ ಓರೆಗೆರೆ ಹಾಕಿ ವಿಭಾಗ, ಸಂಸ್ಥೆ ಬರುತ್ತಿತ್ತು. ಕಾರ್ಖಾನೆಯ ಗಣೇಶ್ ಶೆಟ್ಟಿ ಬೇರೆ, ಉಡುಪಿಯ ಗಣೇಶ್ ಶೆಟ್ಟಿ ಬೇರೆ ಎಂದು ತಿಳಿಯುತ್ತಿತ್ತು. ಹೊಸ ಕಡೆಯಲ್ಲಿ ಆ ಬಾಲ ಉದುರಿ ಮೂವರೂ ಒಂದೇ ಥರ ಕಾಣುತ್ತಾರೆ. ಯಾರ ಹಳೆಯ ಪೆಟ್ಟಿಗೆ ಯಾವ ಹೊಸದಕ್ಕೆ ಎಂಬ ಮ್ಯಾಪಿಂಗ್ ಪಟ್ಟಿಯನ್ನು ತೋರುವ ಹೆಸರಿನ ಮೇಲೆ ಕಟ್ಟಿದ್ದರೆ ಒಬ್ಬರ ಸಂಬಳದ ಪತ್ರ ಇನ್ನೊಬ್ಬರ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಇದನ್ನು ದೂರು ಬರುವವರೆಗೆ ಕಾಯಬಾರದು. ಒಂದೇ ಹೆಸರಿನ ಪ್ರತಿಯೊಬ್ಬರ ಮೇಲ್‌ಬಾಕ್ಸ್‌ನಿಂದ ಐದಾರು ಹಳೆಯ ಪತ್ರ ತೆಗೆದು ‘ಯಾರಿಗೆ’ ಸಾಲನ್ನು ನೀವೇ ಪರೀಕ್ಷಿಸಿ. ತಪ್ಪಿದ್ದರೆ ಆ ಮೇಲ್‌ಬಾಕ್ಸ್‌ಗಳ ಲಾಗಿನ್ ತಡೆದು, ಉದ್ಯೋಗಿ ಸಂಖ್ಯೆಯ ಮೇಲೆ ಹೊಸ ಮ್ಯಾಪಿಂಗ್ ಮಾಡಿ, ಖಾಲಿ ಮೇಲ್‌ಬಾಕ್ಸ್‌ಗೆ ಮತ್ತೆ ಸಾಗಿಸಿ. ಮರುಓಟದ ಎರಡನೆಯ ನ್ಯಾಯವಾದ ಸಂದರ್ಭ ಇದು. ಮುಂದೆ ಗೊಂದಲವಾಗದಂತೆ ತೋರುವ ಹೆಸರಿಗೆ ವಿಭಾಗ ಸೇರಿಸಿ.

ಹಳೆಯ ಪತ್ರಕ್ಕೆ ‘ರಿಪ್ಲೈ’ ಒತ್ತಿದರೆ ಮರಳಿ ಬರುವುದೂ ಹೆಸರಿನದೇ ದೋಷ. ಡಾಮಿನೊದಲ್ಲಿ ಒಬ್ಬೊಬ್ಬ ಬಳಕೆದಾರರ ವಿವರವಿರುವ ಪರ್ಸನ್ ಡಾಕ್ಯುಮೆಂಟ್‌ನಲ್ಲಿ ಇಂಟರ್‌ನೆಟ್ ವಿಳಾಸದ ಜಾಗ ಖಾಲಿ ಇದ್ದವರಿಗೆ ಸರ್ವರ್ ತಾನೇ ಒಂದು ವಿಳಾಸ ಹೊಸೆಯುತ್ತದೆ: ಓರೆಗೆರೆ, ಶೇಕಡಾ ಚಿಹ್ನೆ ಎಲ್ಲ ಸೇರಿದ ಉದ್ದನೆಯದು. ಸಾಗಿದ ಪತ್ರದಲ್ಲಿ ಅದೇ ಕೂತಿರುತ್ತದೆ. ಮೊದಲೇ ಗೊತ್ತಿದ್ದರೆ ಎಲ್ಲರಿಗೂ ಆ ಜಾಗ ತುಂಬಿ ಸಾಗಿಸಿ. ಆಗಿಹೋದಮೇಲೆ, ಉತ್ತರಿಸುವಾಗ ವಿಳಾಸ ಅಳಿಸಿ ಪಟ್ಟಿಯಿಂದ ಹೊಸದಾಗಿ ಆರಿಸಲು ಹೇಳಿ, ಔಟ್‌ಲುಕ್‌ನ ಆಟೊ-ಕಂಪ್ಲೀಟ್ ಪಟ್ಟಿಯನ್ನೂ ಖಾಲಿ ಮಾಡಿ. ಇಲ್ಲವಾದರೆ ಕೆಟ್ಟ ವಿಳಾಸ ಎರಡಕ್ಷರ ಟೈಪಿಸಿದೊಡನೆ ಮತ್ತೆ ಬರುತ್ತದೆ.

ಪತ್ರ ಎಲ್ಲಿ ಸತ್ತಿತು?

ಬೌನ್ಸ್ (ತಲುಪದ ಪತ್ರದ ಮರಳಿಕೆ ಸೂಚನೆ) ಬಂದಿದ್ದರೆ ಅದರ ಮೂರು ಭಾಗದ ಸಂಕೇತ ಓದಿ; ಉದ್ದದ ವಿವರಣೆ ಆಮೇಲೆ. 5.1.10 ಎಂದರೆ ಹೊಸ ಕಡೆಯಲ್ಲಿ ಆ ವಿಳಾಸವೇ ಇಲ್ಲ. 5.4.14 ಎಂದರೆ ಪತ್ರ ಎರಡು ಸರ್ವರ್‌ಗಳ ನಡುವೆ ಸುತ್ತಿ ಸುಸ್ತಾಗಿದೆ: ಡೊಮೇನನ್ನು ‘ಇಂಟರ್ನಲ್ ರಿಲೇ’ ಎಂದು ಬಿಟ್ಟಿದ್ದೀರಿ, ಹೊಸದು ‘ಗೊತ್ತಿಲ್ಲದವರು ಡಾಮಿನೊದಲ್ಲಿರಬೇಕು’ ಎನ್ನುತ್ತದೆ, ಡಾಮಿನೊ ‘ಇಲ್ಲ, ಅಲ್ಲೇ’ ಎಂದು ಹಿಂದಕ್ಕೆ ಕಳಿಸುತ್ತದೆ. ಎಲ್ಲರೂ ದಾಟಿದ ಮೇಲೆ ಡೊಮೇನನ್ನು ‘ಅಥಾರಿಟೇಟಿವ್’ ಮಾಡಿದರೆ ಸುತ್ತು ನಿಲ್ಲುತ್ತದೆ. 4.4.7 ಎಂದರೆ ಪತ್ರ ಸಾಲಿನಲ್ಲಿ ಕಾದು ಕಾದು ಅವಧಿ ಮುಗಿದಿದೆ. ಮುಂದಿನ ಸರ್ವರ್ ತಲುಪುತ್ತಿಲ್ಲ.

ಬೌನ್ಸ್ ಬಾರದೆ ಪತ್ರ ಮಾಯವಾಗಿದ್ದರೆ ಎಕ್ಸ್‌ಚೇಂಜ್ ಆಡಳಿತ ಪುಟದ ಮೆಸೇಜ್ ಟ್ರೇಸ್ ತೆರೆಯಿರಿ. 90 ದಿನದವರೆಗಿನದನ್ನು ಅಲ್ಲಿ ಹುಡುಕಬಹುದು, ಆದರೆ ಒಂದು ಸಲಕ್ಕೆ ಹತ್ತು ದಿನದ ಅವಧಿ ಮಾತ್ರ. ಟ್ರೇಸ್‌ನಲ್ಲಿ ಪತ್ರದ ಸುಳಿವೇ ಇಲ್ಲವೆಂದರೆ ಅದು ಮೈಕ್ರೋಸಾಫ್ಟ್‌ನ ಬಾಗಿಲಿಗೆ ಬಂದಿಲ್ಲ. ಆಗ ಹುಡುಕಬೇಕಾದ ಜಾಗ ಮೂರು.

ಮೊದಲನೆಯದು ಡಿಎನ್‌ಎಸ್, ಅಂದರೆ ಡೊಮೇನ್‌ನ ವಿಳಾಸ ಪುಸ್ತಕ. ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯ ಟಿಟಿಎಲ್ (ಇತರರು ಅದನ್ನು ನೆನಪಿಟ್ಟುಕೊಳ್ಳುವ ಅವಧಿ) 86400 ಸೆಕೆಂಡ್ ಇದ್ದರೆ ಬದಲಿಸಿದ ನಂತರವೂ ಒಂದು ದಿನ ಹಳೆಯ ಸರ್ವರ್‌ಗೆ ಪತ್ರ ಹೋಗುತ್ತಲೇ ಇರುತ್ತದೆ. ಕಟ್‌ಓವರ್‌ಗೆ ಎರಡು ದಿನ ಮೊದಲು 300ಕ್ಕೆ ಇಳಿಸಬೇಕಿತ್ತು. ಡಾಮಿನೊವನ್ನು ಆರಿಸದೆ ಇಟ್ಟಿದ್ದರೆ ಪತ್ರ ಅಲ್ಲೇ ಸಿಗುತ್ತದೆ.

ಎರಡನೆಯದು ಡಾಮಿನೊ ತಾನೇ. ಇನ್ನೂ ನೋಟ್ಸ್ ಬಳಸುತ್ತಿರುವವರು ಕಳಿಸಿದ್ದನ್ನು ಅದು ಹೊರಗೆ ಬಿಡದೆ ಹಳೆಯ ಮೇಲ್ ಫೈಲ್‌ಗೆ ಹಾಕುತ್ತದೆ. ದಾಟಿದವರ ಪರ್ಸನ್ ಡಾಕ್ಯುಮೆಂಟ್‌ನಲ್ಲಿ ‘ಫಾರ್ವರ್ಡಿಂಗ್ ಅಡ್ರೆಸ್’ ಜಾಗಕ್ಕೆ ಅವರ ಆನ್‌ಮೈಕ್ರೋಸಾಫ್ಟ್ ಡಾಟ್ ಕಾಮ್ ವಿಳಾಸ ಬರೆಯಬೇಕು. ಆ ವಿಳಾಸ ಹೊಸ ಮೇಲ್‌ಬಾಕ್ಸ್‌ಗೆ ನಿಜಕ್ಕೂ ಇದೆಯೇ ಎಂದೂ ನೋಡಿ.

ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ: ಕಂಪನಿಯ ವೆಬ್‌ಸೈಟ್. ಗೋಡಂಬಿಗೆ ಬೆಲೆ ಕೇಳಿ ವಿದೇಶಿ ಖರೀದಿದಾರ ವೆಬ್‌ಸೈಟ್ ಫಾರ್ಮ್ ತುಂಬುತ್ತಾನೆ, ಪತ್ರ ಬರುವುದಿಲ್ಲ, ಉಳಿದ ಮೇಲ್ ಎಲ್ಲ ಸರಿ. ವೆಬ್‌ಸೈಟ್ ಇರುವ, ಸಿಪ್ಯಾನಲ್ ಎಂಬ ನಿರ್ವಹಣಾ ತಂತ್ರಾಂಶದ ಸರ್ವರ್ ‘ಈ ಡೊಮೇನ್‌ನ ಮೇಲ್ ನನ್ನಲ್ಲೇ’ ಎಂದು ನಂಬಿ ತನ್ನೊಳಗಿನ ಪೆಟ್ಟಿಗೆಗೆ ಹಾಕಿಕೊಂಡಿದೆ. ಸಿಪ್ಯಾನಲ್‌ನ ‘ಇ-ಮೇಲ್ ರೂಟಿಂಗ್’ನಲ್ಲಿ ‘ರಿಮೋಟ್ ಮೇಲ್ ಎಕ್ಸ್‌ಚೇಂಜರ್’ ಆರಿಸಿ. ಅಲ್ಲಿ ಸಿಕ್ಕಿಕೊಂಡ ಹಳೆಯ ವಿಚಾರಣೆಗಳನ್ನು ವೆಬ್‌ಮೇಲ್‌ನಿಂದ ಎತ್ತಿಕೊಳ್ಳಿ. ಔಟ್‌ಲುಕ್ ಪದೇ ಪದೇ ಪಾಸ್‌ವರ್ಡ್ ಕೇಳುವುದಕ್ಕೂ ಇದೇ ಸಿಪ್ಯಾನಲ್ ಕಾರಣವಾಗಬಹುದು. ಔಟ್‌ಲುಕ್ ಮೂಲ ಡೊಮೇನ್‌ಗೆ ಹೋಗಿ ಆಟೊಡಿಸ್ಕವರ್ (ಮೇಲ್ ಸರ್ವರ್ ಎಲ್ಲಿದೆ ಎಂಬ ಮಾಹಿತಿ) ಕೇಳುತ್ತದೆ, ವೆಬ್ ಸರ್ವರ್ ಉತ್ತರಿಸಿಬಿಡುತ್ತದೆ. ಡಿಎನ್‌ಎಸ್‌ನಲ್ಲಿ ಆಟೊಡಿಸ್ಕವರ್ ದಾಖಲೆ ಮೈಕ್ರೋಸಾಫ್ಟ್‌ನತ್ತ ಇರಲಿ. ಆಮೇಲೂ ಕೇಳಿದರೆ ರಿಜಿಸ್ಟ್ರಿಯ ಔಟ್‌ಲುಕ್ ಆಟೊಡಿಸ್ಕವರ್ ಕೀಲಿಯಡಿ ‘ಎಕ್ಸ್‌ಕ್ಲೂಡ್ ಎಚ್‌ಟಿಟಿಪಿಎಸ್ ರೂಟ್ ಡೊಮೇನ್’ ಮೌಲ್ಯವನ್ನು 1 ಮಾಡಿ.

ಹೊರಗೆ ಕಳಿಸಿದ್ದು ಖರೀದಿದಾರರ ಸ್ಪ್ಯಾಮ್‌ಗೆ ಬೀಳುತ್ತಿದ್ದರೆ ಎಸ್‌ಪಿಎಫ್ (ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್‌ಗಳು ಕಳಿಸಬಹುದೆಂಬ ಡಿಎನ್‌ಎಸ್ ದಾಖಲೆ) ನೋಡಿ. ಹಳೆಯ ಎಸ್‌ಪಿಎಫ್ ಸಾಲು ಅಳಿಸದೆ ಹೊಸದನ್ನು ಪಕ್ಕದಲ್ಲಿ ಸೇರಿಸಿರುತ್ತಾರೆ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ. ಎರಡಿದ್ದರೆ ಎರಡೂ ಅಮಾನ್ಯ. ಒಂದೇ ದಾಖಲೆಯೊಳಗಿನ ಡಿಎನ್‌ಎಸ್ ಹುಡುಕಾಟಗಳೂ 10 ಮೀರಬಾರದು. ಪತ್ರಕ್ಕೆ ಡಿಜಿಟಲ್ ಸಹಿ ಹಾಕುವ ಡಿಕಿಮ್‌ಗೆ ಡಿಎನ್‌ಎಸ್‌ನಲ್ಲಿ ಎರಡು ಸಿನೇಮ್ ದಾಖಲೆ ಹಾಕಿ ಡಿಫೆಂಡರ್ ಪುಟದಲ್ಲಿ ಚಾಲೂ ಮಾಡುವುದೂ ಬಾಕಿ ಉಳಿದಿರಬಹುದು.

ಸ್ಕ್ಯಾನರ್, ತೂಕಸೇತುವೆ, ಟ್ಯಾಲಿ

ಡಾಮಿನೊ ಕಚೇರಿಯೊಳಗಿನ ಸ್ಕ್ಯಾನರ್, ಲಾರಿ ತೂಗುವ ತೂಕಸೇತುವೆ ಹೀಗೆ ಯಾವ ಯಂತ್ರ ಮೇಲ್ ಕಳಿಸಿದರೂ ಕೇಳದೆ ಸ್ವೀಕರಿಸುತ್ತಿತ್ತು. ಹೊಸದು ಹಾಗಲ್ಲ. ಸ್ಕ್ಯಾನರ್‌ನಲ್ಲಿ 5.7.57 ಬಂದರೆ ಯಂತ್ರ ಪಾಸ್‌ವರ್ಡ್ ಕೊಡದೆ ಕಳಿಸುತ್ತಿದೆ. 5.7.139 ಬಂದು ಸಂದೇಶದಲ್ಲಿ ಎಸ್‌ಎಂಟಿಪಿ ಆಥ್ (ಪಾಸ್‌ವರ್ಡ್ ಕೊಟ್ಟು ಮೇಲ್ ಕಳಿಸುವ ವ್ಯವಸ್ಥೆ) ನಿಷ್ಕ್ರಿಯ ಎಂದಿದ್ದರೆ ಅದನ್ನು ಟೆನಂಟ್‌ನಲ್ಲಿ, ಅಂದರೆ ಕಂಪನಿಯ ಇಡೀ 365 ಖಾತೆಯಲ್ಲಿ, ಮುಚ್ಚಲಾಗಿದೆ. ಪೋರ್ಟ್ 587, ಟಿಎಲ್‌ಎಸ್ (ಸಂಪರ್ಕದ ಗೂಢಲಿಪಿ) 1.2 ಬೇಕು, ಹತ್ತು ವರ್ಷ ಹಳೆಯ ಮಲ್ಟಿಫಂಕ್ಷನ್ ಯಂತ್ರಗಳಲ್ಲಿ 1.0 ಮಾತ್ರ ಇರಬಹುದು, ಫರ್ಮ್‌ವೇರ್ ಸಿಗದಿದ್ದರೆ ಆ ದಾರಿ ಮುಗಿಯಿತು. ಪಾಸ್‌ವರ್ಡ್ ಮಾತ್ರದ ಲಾಗಿನ್ನನ್ನು ಮೈಕ್ರೋಸಾಫ್ಟ್ ಹಂತಹಂತವಾಗಿ ತೆಗೆಯುತ್ತಿರುವುದರಿಂದ ಅದರ ಮೇಲೆ ಹೊಸದಾಗಿ ಏನನ್ನೂ ಕಟ್ಟದಿರುವುದು ಲೇಸು. ಕಾರ್ಖಾನೆಗೆ ಸ್ಥಿರ ಐಪಿ ಇದ್ದರೆ ಆ ಐಪಿಯನ್ನು ಗುರುತಿಸುವ ಕನೆಕ್ಟರ್ ಮಾಡಿ, ಪೋರ್ಟ್ 25ರಲ್ಲಿ ಕಳಿಸಿ, ಆ ಐಪಿಯನ್ನು ಎಸ್‌ಪಿಎಫ್‌ಗೂ ಸೇರಿಸಿ. ಮನೆ ಬಳಕೆಯ ಬ್ರಾಡ್‌ಬ್ಯಾಂಡ್ ಇರುವ ಶಾಖೆಯಲ್ಲಿ ಪೋರ್ಟ್ 25 ಮುಚ್ಚಿರುವ ಸಾಧ್ಯತೆ ಹೆಚ್ಚು. ಅಲ್ಲಿ ಸ್ಕ್ಯಾನನ್ನು ಮೇಲ್ ಬದಲು ಹಂಚಿದ ಫೋಲ್ಡರ್‌ಗೆ ಹಾಕುವುದೇ ಸುಲಭ.

ಟ್ಯಾಲಿ ದತ್ತಾಂಶದ ಫೋಲ್ಡರನ್ನು ವನ್‌ಡ್ರೈವ್‌ಗೆ ಸರಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಟ್ಯಾಲಿ ಹಲವು ಕಡತಗಳನ್ನು ಒಟ್ಟಿಗೆ ತೆರೆದಿಟ್ಟು ಬರೆಯುತ್ತದೆ, ಸಿಂಕ್ ಒಂದೊಂದನ್ನೇ ತನ್ನ ಸಮಯಕ್ಕೆ ಕೊಂಡೊಯ್ಯುತ್ತದೆ. ಎರಡು ಯಂತ್ರಗಳಲ್ಲಿ ಎರಡು ಕಾಲದ ತುಣುಕುಗಳು ಸೇರಿ ಕಂಪನಿಯೇ ತೆರೆಯದಂತಾಗುತ್ತದೆ. ದತ್ತಾಂಶ ಸ್ಥಳೀಯ ಸರ್ವರ್‌ನಲ್ಲಿರಲಿ, ಬ್ಯಾಕಪ್ ಕಡತ ಮಾತ್ರ ಮೇಲೆ ಹೋಗಲಿ. ಎಕ್ಸೆಲ್‌ನದು ಬೇರೆ ಬಗೆ: ಒಂದು ಕಡತ ಇನ್ನೊಂದರಿಂದ ಅಂಕಿ ಎಳೆಯುತ್ತಿದ್ದರೆ ಕೊಂಡಿ ಹಳೆಯ ‘ಝಡ್’ ಡ್ರೈವ್‌ನತ್ತಲೇ ತೋರುತ್ತಿರುತ್ತದೆ. ಹಳೆಯ ಸರ್ವರ್ ಇರುವವರೆಗೆ ತಕರಾರಿಲ್ಲ, ಆದರೆ ಅಂಕಿಗಳು ನಿಂತ ನೀರು. ‘ಡೇಟಾ’ ಪಟ್ಟಿಯ ಲಿಂಕ್ಸ್‌ನಲ್ಲಿ ಮೂಲ ಬದಲಿಸಿ.

ಶೇರ್‌ಪಾಯಿಂಟ್‌ನಲ್ಲಿ ಫೋಲ್ಡರ್ ಸೇರಿ ಪೂರ್ಣ ಹಾದಿ 400 ಅಕ್ಷರ ಮೀರಬಾರದು. ಕನ್ನಡ ಕಡತನಾಮಕ್ಕೆ ಇನ್ನೊಂದು ಕಡೆ ಪೆಟ್ಟು: ಲಿನಕ್ಸ್ ಆಧಾರಿತ ನ್ಯಾಸ್ (ನೆಟ್‌ವರ್ಕ್‌ನ ಕಡತ ಸಂಗ್ರಹ) ಪೆಟ್ಟಿಗೆಯಲ್ಲಿ ಹೆಸರಿನ ಮಿತಿ 255 ಬೈಟ್, ಅಂದರೆ ಸುಮಾರು 85 ಕನ್ನಡ ಸಂಕೇತ. ‘ತ್ರೈಮಾಸಿಕ’ ಎಂಬ ಒಂದೇ ಪದಕ್ಕೆ ಒತ್ತು, ಸ್ವರ ಚಿಹ್ನೆ ಎಲ್ಲ ಸೇರಿ 9 ಸಂಕೇತ ಬೇಕು. ಉದ್ದದ ಹೆಸರುಗಳು ನಡುದಾರಿಯಲ್ಲಿ ನಿಲ್ಲುವುದಕ್ಕೆ ಇದು ಕಾರಣ.

ಐದೂವರೆ ಗಂಟೆಯ ಕ್ಯಾಲೆಂಡರ್

ಐಮ್ಯಾಪ್ ಬದಲು ಬೇರೆ ಉಪಕರಣದಿಂದ ತಂದ ಸಭೆಗಳು ನಿಖರವಾಗಿ 5 ಗಂಟೆ 30 ನಿಮಿಷ ಸರಿದಿದ್ದರೆ, ದಿನಪೂರ್ತಿ ರಜೆ ಎರಡು ದಿನಗಳ ಮೇಲೆ ಚಾಚಿದ್ದರೆ, ಕಾರಣ ಕಾಲವಲಯ. ಹೊಸ ಮೇಲ್‌ಬಾಕ್ಸ್‌ಗೆ ಬಳಕೆದಾರರು ಮೊದಲ ಸಲ ಒಳಬರುವವರೆಗೆ ಕಾಲವಲಯ ನಿಗದಿಯಾಗದೆ ಇರಬಹುದು. ಮೈಗ್ರೇಶನ್ ಉಪಕರಣ ಯುಟಿಸಿ (ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದು ಬರೆದುಬಿಡುತ್ತದೆ. ಸಾಗಿಸುವ ಮೊದಲು ಎಲ್ಲ ಮೇಲ್‌ಬಾಕ್ಸ್‌ಗಳಿಗೂ ಪವರ್‌ಶೆಲ್‌ನಿಂದ ‘ಇಂಡಿಯಾ ಸ್ಟ್ಯಾಂಡರ್ಡ್ ಟೈಮ್’ ಹಾಕಿ. ಆಗಿಹೋಗಿದ್ದರೆ ಕ್ಯಾಲೆಂಡರ್ ಫೋಲ್ಡರನ್ನಷ್ಟೇ ಖಾಲಿ ಮಾಡಿ ಅದನ್ನು ಮಾತ್ರ ಮತ್ತೆ ತನ್ನಿ.

ಸಿಂಕ್ ನಿಂತು ನಿಂತು ಸಾಗಿದರೆ

ಲೆಕ್ಕ ಹಾಕಿ ನೋಡಿ. 40 ಮಂದಿಗೆ ತಲಾ 6 ಜಿಬಿ ಎಂದರೆ 240 ಜಿಬಿ. ಐಮ್ಯಾಪ್‌ನಲ್ಲಿ ಲಗತ್ತುಗಳು ಬೇಸ್64 ಎಂಬ ಪಠ್ಯರೂಪಕ್ಕೆ ಬದಲಾಗಿ ಮೂರನೇ ಒಂದು ಪಾಲು ಉಬ್ಬಿ ಸುಮಾರು 320 ಜಿಬಿ. 20 ಎಂಬಿಪಿಎಸ್ ಅಪ್‌ಲೋಡ್ ಎಂದರೆ ಗಂಟೆಗೆ 9 ಜಿಬಿ, ಕೈಗೆ ಸಿಗುವುದು 6 ಎಂದಿಟ್ಟುಕೊಳ್ಳಿ. ರಾತ್ರಿಗೆ 10 ಗಂಟೆ ಓಡಿಸಿದರೆ ಐದಾರು ರಾತ್ರಿ. ‘ಶನಿವಾರ ಒಂದೇ ರಾತ್ರಿ ಮುಗಿಸುತ್ತೇವೆ’ ಎಂದವರ ಮಾತನ್ನು ಈ ಲೆಕ್ಕದ ಎದುರು ಇಟ್ಟು ನೋಡಿ.

ಲಾಗ್‌ನಲ್ಲಿ ಎಲ್ಲ ಮೇಲ್‌ಬಾಕ್ಸ್‌ಗಳೂ ಒಂದೇ ಹೊತ್ತಿಗೆ ಕಡಿದಿದ್ದರೆ ಅದು ಹೆಚ್ಚಾಗಿ ಮೈಕ್ರೋಸಾಫ್ಟ್‌ನ ಥ್ರಾಟ್ಲಿಂಗ್ (ವೇಗಕ್ಕೆ ಕಡಿವಾಣ) ಅಲ್ಲ, ಕರೆಂಟ್. ಸರ್ವರ್ ಯುಪಿಎಸ್ ಮೇಲಿರುತ್ತದೆ, ಫೈಬರ್‌ನ ಓಎನ್‌ಟಿ ಡಬ್ಬಿ ಗೋಡೆಯ ಪ್ಲಗ್‌ನಲ್ಲಿರುತ್ತದೆ. ಆ ಡಬ್ಬಿಯನ್ನೂ ರೂಟರನ್ನೂ ಅದೇ ಯುಪಿಎಸ್‌ಗೆ ಹಾಕಿ. ಏಪ್ರಿಲ್–ಮೇ ಸಿಡಿಲು, ಜೂನ್‌ನಿಂದ ಸೆಪ್ಟೆಂಬರ್ ಮಳೆ. ಕರಾವಳಿಯಲ್ಲಿ ಕಟ್‌ಓವರ್‌ಗೆ ಡಿಸೆಂಬರ್‌ನಿಂದ ಮಾರ್ಚ್ ಮೊದಲ ವಾರದವರೆಗಿನ ಅವಧಿ ಆರಿಸುವುದು ಜಾಣತನ, ಆರ್ಥಿಕ ವರ್ಷಾಂತ್ಯದ ಗಡಿಬಿಡಿಗೂ ಮೊದಲು.

ಗೂಢಲಿಪಿಯ ಪತ್ರ, ಸತ್ತ ಡಾಕ್‌ಲಿಂಕ್

ಶೀರ್ಷಿಕೆ ಇದ್ದು ಒಳಗೆ ಖಾಲಿಯಾಗಿರುವ ಪತ್ರ ನೋಟ್ಸ್‌ನಲ್ಲಿ ಎನ್‌ಕ್ರಿಪ್ಟ್ ಆಗಿತ್ತು. ಅದರ ಕೀಲಿ ಬಳಕೆದಾರರ ಐಡಿ ಫೈಲ್‌ನಲ್ಲಿದೆ. ಆ ಫೈಲ್ ಮತ್ತು ಪಾಸ್‌ವರ್ಡ್ ಇಲ್ಲದೆ ಯಾರಿಂದಲೂ ತೆರೆಯಲಾಗದು. ಡಾಮಿನೊ 8.5ರಿಂದ ಬಂದ ಐಡಿ ವಾಲ್ಟ್ (ಐಡಿ ಫೈಲ್‌ಗಳ ಪ್ರತಿ ಇಡುವ ಖಜಾನೆ) ಚಾಲೂ ಇದ್ದಿದ್ದರೆ ಬಿಟ್ಟುಹೋದವರ ಐಡಿಯೂ ಸಿಕ್ಕೀತು. ಸಿಕ್ಕರೆ ನೋಟ್ಸ್‌ನಲ್ಲೇ ಗೂಢಲಿಪಿ ಬಿಡಿಸಿ ಆ ಪತ್ರಗಳನ್ನು ಹೊಸ ಫೋಲ್ಡರ್‌ಗೆ ಹಾಕಿ ಸಿಂಕ್ ಮಾಡಿ.

ಪತ್ರದ ಜತೆ ಎನ್‌ಡಿಎಲ್ ಎಂಬ ಪುಟ್ಟ ಕಡತ ಬಂದಿದ್ದರೆ ಅದು ಹಳೆಯ ಡಾಕ್‌ಲಿಂಕ್. ಖರೀದಿ ಮಂಜೂರಾತಿಯೋ ರಜೆ ಅರ್ಜಿಯೋ ಇದ್ದ ಡೇಟಾಬೇಸ್‌ನತ್ತ ತೋರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಡೇಟಾಬೇಸ್‌ನ ಗುರುತು ಸಂಖ್ಯೆಯಾದ ರೆಪ್ಲಿಕಾ ಐಡಿ ಸಿಗುತ್ತದೆ. ಡಾಮಿನೊದ ಕ್ಯಾಟಲಾಗ್‌ನಲ್ಲಿ ಅದನ್ನು ಹುಡುಕಿದರೆ ಯಾವ ಡೇಟಾಬೇಸ್ ಎಂದು ತಿಳಿಯುತ್ತದೆ. ಅದನ್ನು ಶೇರ್‌ಪಾಯಿಂಟ್ ಪಟ್ಟಿಯಾಗಿ ಸಾಗಿಸಿದ್ದೀರಾದರೆ ನೋಟ 5000 ಸಾಲು ದಾಟಿದೊಡನೆ ದೋಷ ತೋರಿಸುತ್ತದೆ. ದಿನಾಂಕ ಮತ್ತು ವಿಭಾಗದ ಕಾಲಮ್‌ಗಳಿಗೆ ಪಟ್ಟಿ ಚಿಕ್ಕದಿರುವಾಗಲೇ ಇಂಡೆಕ್ಸ್ ಹಾಕಿಬಿಡಿ.

ಹಳೆಯ ಸರ್ವರನ್ನು ಯಾವಾಗ ಆರಿಸುವುದು

ಒಮ್ಮೆಲೇ ಆರಿಸಬೇಡಿ. ಮೊದಲು ಕನ್ಸೋಲ್‌ನಲ್ಲಿ ‘ಟೆಲ್ ಎಸ್‌ಎಂಟಿಪಿ ಕ್ವಿಟ್’ ಕೊಟ್ಟು ಒಂದು ವಾರ ಬಿಡಿ. ಯಾವ ಸ್ಕ್ಯಾನರ್, ಯಾವ ತೂಕಸೇತುವೆ ತಂತ್ರಾಂಶ ಇನ್ನೂ ಅದರ ಬಾಗಿಲು ಬಡಿಯುತ್ತಿದೆ ಎಂಬುದು ಆ ವಾರದಲ್ಲಿ ತಾನಾಗಿ ಹೊರಬರುತ್ತದೆ. ಆಮೇಲೆ ‘ಟೆಲ್ ರೂಟರ್ ಕ್ವಿಟ್’. ಜಿಎಸ್‌ಟಿ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು, ಕಂಪನಿ ಕಾಯ್ದೆಯಂತೆ ಲೆಕ್ಕದ ಪುಸ್ತಕಗಳನ್ನು 8 ಆರ್ಥಿಕ ವರ್ಷ ಉಳಿಸಬೇಕು. ಅದಕ್ಕೆ ಸಂಬಂಧಿಸಿದ ಪತ್ರ ನೋಟ್ಸ್‌ನಲ್ಲೇ ಉಳಿದಿದ್ದರೆ ನೋಟ್ಸ್ ಡೇಟಾಬೇಸ್‌ನ ಎನ್‌ಎಸ್‌ಎಫ್ ಫೈಲ್‌ಗಳು, ಐಡಿ ಫೈಲ್‌ಗಳು, ಪಾಸ್‌ವರ್ಡ್ ಪಟ್ಟಿ ಮತ್ತು ನೋಟ್ಸ್ ಕ್ಲೈಂಟ್‌ನ ಇನ್‌ಸ್ಟಾಲರ್ ಈ ನಾಲ್ಕೂ ಒಂದೇ ಡಿಸ್ಕ್‌ನಲ್ಲಿ ಇರಬೇಕು. ಮೂರಿದ್ದು ಒಂದು ಇಲ್ಲದಿದ್ದರೆ ಉಳಿದ ಮೂರೂ ನಿರುಪಯೋಗ. ಡಿಸ್ಕನ್ನು ಎರಡು ಪ್ರತಿ ಮಾಡಿ, ಒಂದನ್ನು ಉಡುಪಿ ಶಾಖೆಯಲ್ಲಿಡಿ. ನೆಟ್‌ವರ್ಕ್‌ಗೆ ಸೇರದ ಒಂದು ಯಂತ್ರದಲ್ಲಿ ಕ್ಲೈಂಟ್ ಹಾಕಿ, ಎನ್‌ಕ್ರಿಪ್ಟ್ ಆದ ಒಂದು ಪತ್ರ ತೆರೆದು ನೋಡಿ. ತೆರೆದ ಮೇಲೆಯೇ ಡಾಮಿನೊ ಸರ್ವರ್‌ನ ಡಿಸ್ಕ್ ಅಳಿಸಿ.